ಡಾಂಗಲ್‌ನಿಂದ ಹಾಟ್‌ಸ್ಪಾಟ್‌ವರೆಗೆ

ಭಾರತದಲ್ಲಿ 4ಜಿ ಮೊದಲು ಬಂದದ್ದು ಫೋನಿಗಲ್ಲ, ಲ್ಯಾಪ್‌ಟಾಪಿಗೆ. 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲೂ ಮರುತಿಂಗಳು ಬೆಂಗಳೂರಿನಲ್ಲೂ ಏರ್‌ಟೆಲ್ ಈ ಸೇವೆ ಆರಂಭಿಸಿದಾಗ ಗ್ರಾಹಕರಿಗೆ ಸಿಕ್ಕಿದ್ದು ಯುಎಸ್‌ಬಿ ಡಾಂಗಲ್ ಮತ್ತು ಮನೆಯಲ್ಲಿಡುವ ಮೋಡೆಮ್. ಆ 2300 ಮೆಗಾಹರ್ಟ್ಸ್ ತರಂಗಾಂತರಕ್ಕೆ ಒಗ್ಗುವ ಫೋನು ಆಗ ನಮ್ಮ ಮಾರುಕಟ್ಟೆಯಲ್ಲಿ ಇರಲಿಲ್ಲ. ಊರಿಂದೂರಿಗೆ ಓಡಾಡುತ್ತ ಕೆಲಸ ಮಾಡುವವರೇ ವೇಗದ ಮೊಬೈಲ್ ಇಂಟರ್ನೆಟ್ಟಿನ ಮೊದಲ ಗಿರಾಕಿಗಳು.

ಅದಕ್ಕೂ ಹಿಂದೆ, 2003ರ ಸುಮಾರಿಗೆ, ರಿಲಯನ್ಸ್‌ನ ಸಿಡಿಎಂಎ ಫೋನನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ #777 ಡಯಲ್ ಮಾಡುವ ಕಾಲವಿತ್ತು. ವೇಗ ಹೆಚ್ಚೆಂದರೆ ಸೆಕೆಂಡಿಗೆ 144 ಕಿಲೋಬಿಟ್. ಜಿಎಸ್‌ಎಂ ಫೋನಿನವರು ಬ್ಲೂಟೂತ್ ಜೋಡಿಸಿ *99# ಒತ್ತುತ್ತಿದ್ದರು. ಬ್ರೌಸರಿನಲ್ಲಿ ಚಿತ್ರಗಳನ್ನು ಆಫ್ ಮಾಡಿಕೊಂಡು ಇಮೇಲ್ ನೋಡಿದರೆ ಅಂದಿನ ಕೆಲಸ ಆದಂತೆ.

2009ರ ಹೊತ್ತಿಗೆ ಡಾಂಗಲ್ ಬಂತು. ಟಾಟಾ ಫೋಟಾನ್ ಪ್ಲಸ್, ರಿಲಯನ್ಸ್ ನೆಟ್‌ಕನೆಕ್ಟ್ 3.1 ಮೆಗಾಬಿಟ್‌ವರೆಗಿನ ವೇಗ ಹೇಳಿಕೊಂಡವು. ಬಿಎಸ್‌ಎನ್‌ಎಲ್ 3ಜಿ ಶುರುವಾದದ್ದೂ ಆ ವರ್ಷವೇ. ಬೆರಳುದ್ದದ ಆ ಸಾಧನದಲ್ಲಿ ಒಂದು ಜಾಣ್ಮೆಯಿತ್ತು. ಚುಚ್ಚಿದೊಡನೆ ಅದು ಸಿಡಿ ಡ್ರೈವ್‌ನಂತೆ ಕಾಣಿಸಿಕೊಂಡು, ತನಗೆ ಬೇಕಾದ ಡ್ರೈವರನ್ನು ತಾನೇ ಕಂಪ್ಯೂಟರಿಗೆ ಹಾಕಿ, ಆಮೇಲೆ ಮೋಡೆಮ್ ಆಗುತ್ತಿತ್ತು. ಸಿಡಿ ಹುಡುಕುವ ಗೋಜು ತಪ್ಪಿಸಿದ ಆ ಎಂಜಿನಿಯರುಗಳನ್ನು ಮೆಚ್ಚಲೇಬೇಕು. ಆದರೆ ನಗರ ದಾಟಿದರೆ ಸಿಡಿಎಂಎ ಡಾಂಗಲ್ ಹಳೆಯ 144 ಕಿಲೋಬಿಟ್ಟಿಗೇ ಇಳಿಯುತ್ತಿತ್ತು. ಮೇಲಾಗಿ ಅದು ಒಂದೇ ಕಂಪನಿಗೆ ಕಟ್ಟುಬಿದ್ದಿರುತ್ತಿತ್ತು. ಸಿಡಿಎಂಎ ಜಾಲಗಳು ಮುಚ್ಚಿದಾಗ ಡಾಂಗಲ್ ಕೂಡ ಮೂಲೆ ಸೇರಿತು.

ಡಾಂಗಲ್ಲಿಗೆ ಬದಲಿ 2010ರಲ್ಲೇ ಹುಟ್ಟಿತ್ತು. ಆಂಡ್ರಾಯ್ಡ್ 2.2 ಫೋನನ್ನೇ ವೈಫೈ ಹಾಟ್‌ಸ್ಪಾಟ್ ಮಾಡಿತು; ಮರುವರ್ಷ ಐಫೋನಿಗೂ ಆ ಸೌಲಭ್ಯ ಬಂತು. ಆದರೂ ಜನ ಧಾರಾಳವಾಗಿ ಬಳಸಲಿಲ್ಲ. ಒಂದು ಜಿಬಿಗೆ 200 ರೂಪಾಯಿಗೂ ಹೆಚ್ಚು ಬೆಲೆಯಿದ್ದಾಗ, ಲ್ಯಾಪ್‌ಟಾಪ್ ಸದ್ದಿಲ್ಲದೆ ಇಳಿಸಿಕೊಳ್ಳುವ ವಿಂಡೋಸ್ ಅಪ್‌ಡೇಟ್ ಒಂದೇ ಇಡೀ ತಿಂಗಳ ಡೇಟಾ ನುಂಗುತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಬೆಲೆ ಕುಸಿಯಿತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ದೊಡ್ಡ ತಿರುವು ಇದೇ. ವೇಗ ಆಮೇಲಿನ ಮಾತು. ಅದೇ ವರ್ಷ ಮುಂಬೈ ಸೆಂಟ್ರಲ್‌ನಲ್ಲಿ ಶುರುವಾದ ಗೂಗಲ್–ರೈಲ್‌ಟೆಲ್ ಉಚಿತ ವೈಫೈ 400 ನಿಲ್ದಾಣಗಳಿಗೆ ಹಬ್ಬಿತು, ಆದರೆ ರೈಲು ಹೊರಟೊಡನೆ ಕೈಬಿಡುತ್ತಿತ್ತು.

2022ರಲ್ಲಿ 5ಜಿಯೂ ಬಂತು. ಆದರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯ ರೈಲು ಹಾದಿಯಲ್ಲಿ 57 ಸುರಂಗಗಳಿವೆ. ಬಂಡೆಯೊಳಗೆ ರೇಡಿಯೊ ಅಲೆ ನುಗ್ಗದು. ಟವರ್ ಹುಡುಕುತ್ತ ಫೋನು ಬ್ಯಾಟರಿ ಕಳೆದುಕೊಳ್ಳುತ್ತದೆ. ಮೆಟ್ರೊ ಸುರಂಗಗಳೊಳಗೆ ಸಿಗ್ನಲ್ ಹರಿಸುವ ಕೇಬಲ್ ತಂತ್ರ ಹೊಸದೇನಲ್ಲ. ಘಾಟಿ ಹಳಿಗೂ ಹೆದ್ದಾರಿಗೂ ಅಂಥ ಏರ್ಪಾಡು ಮಾಡುವುದಕ್ಕೆ, ಹೊಸ ತಲೆಮಾರಿನ ಜಾಲಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲು ಮೀಸಲಿಡಬೇಕು.