ನಿತ್ಯಪುಷ್ಪದ ಎರಡು ಮುಖಗಳು



ನೀರು ಗೊಬ್ಬರಗಳ ಹಂಗಿಲ್ಲದೆ ವರ್ಷವಿಡೀ ಅರಳುವ ನಿತ್ಯಪುಷ್ಪವನ್ನು ನೀವೆಲ್ಲರೂ ಬಲ್ಲಿರಿ. ಕಾಶಿಕಣಿಗಲೆ, ಸದಾಪುಷ್ಪ ಎಂದೂ ಇದನ್ನು ಕರೆಯುವುದುಂಟು. ಕಳೆದ ತಿಂಗಳು ಮನೆಗೆ ಬಂದಿದ್ದ ಬಂಧುವೊಬ್ಬರು, ಸಕ್ಕರೆ ಕಾಯಿಲೆಗೆಂದು ಪ್ರತಿದಿನವೂ ಇದರ ಎಲೆಯನ್ನು ಅಗಿಯುತ್ತಿರುವುದಾಗಿಯೂ, ಮಾತ್ರೆಗಳನ್ನು ನಿಲ್ಲಿಸುವ ಆಲೋಚನೆಯಿರುವುದಾಗಿಯೂ ಹೇಳಿದರು. ಅವರಿಗೆ ಹೇಳಿದ ಚರಿತ್ರೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ಗಿಡದ ತವರು ಮಡಗಾಸ್ಕರ್ ದ್ವೀಪ. ಅಲ್ಲಿಂದ ಉಷ್ಣವಲಯದ ನಾಡುಗಳಿಗೆಲ್ಲ ಹಬ್ಬಿತು. ಜಮೈಕಾದಲ್ಲಿ ಇದರ ಎಲೆಯ ಕಷಾಯ ಮಧುಮೇಹದ ಮನೆಮದ್ದಾಗಿತ್ತು. 1952ರಲ್ಲಿ ಅಲ್ಲಿಂದ ಕೆಲವು ಎಲೆಗಳು ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರ ಕೈಸೇರಿದವು. ಇನ್ಸುಲಿನ್ ಸಂಶೋಧನೆಯಲ್ಲಿ ಭಾಗಿಯಾಗಿದ್ದ ಅವರು ಅವನ್ನು ಪಶ್ಚಿಮ ಒಂಟಾರಿಯೊ ವಿಶ್ವವಿದ್ಯಾನಿಲಯದಲ್ಲಿದ್ದ ತಮ್ಮ ಸಹೋದರ ರಾಬರ್ಟ್ ನೋಬಲ್ ಅವರಿಗೆ ಒಪ್ಪಿಸಿದರು.

ಕಷಾಯವನ್ನು ಇಲಿಗಳಿಗೆ ಕುಡಿಸಿದಾಗ ರಕ್ತದ ಸಕ್ಕರೆ ಅಷ್ಟಾಗಿ ಇಳಿಯಲಿಲ್ಲ. ಸಾರವನ್ನು ಚುಚ್ಚಿದಾಗಲಂತೂ ಇಲಿಗಳು ಸೋಂಕಿನಿಂದ ಸತ್ತವು. ಕಾರಣ ಹುಡುಕಿದಾಗ, ಅವುಗಳ ಬಿಳಿರಕ್ತಕಣಗಳು ತೀವ್ರವಾಗಿ ಕುಸಿದದ್ದು ಕಂಡುಬಂತು. ಬಿಳಿಕಣಗಳು ಮಿತಿಮೀರುವ ರಕ್ತದ ಕ್ಯಾನ್ಸರಿಗೆ ಇದೇ ಏಕೆ ಮದ್ದಾಗಬಾರದು? 1958ರಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅವರು ವಿನ್‌ಬ್ಲಾಸ್ಟಿನ್ ಎಂಬ ಸತ್ವವನ್ನು ಬೇರ್ಪಡಿಸಿದ್ದನ್ನು ಪ್ರಕಟಿಸಿದರು. ಅಮೆರಿಕದ ಎಲಿ ಲಿಲ್ಲಿ ಸಂಸ್ಥೆಯಲ್ಲಿಯೂ ಸ್ವತಂತ್ರವಾಗಿ ಸಂಶೋಧನೆ ನಡೆದಿತ್ತು. ಅಲ್ಲಿ ದೊರೆತ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅನುಮತಿ ದೊರೆಯಿತು. ಒಂದು ಕಾಲಕ್ಕೆ ಮಕ್ಕಳ ರಕ್ತದ ಕ್ಯಾನ್ಸರ್ ಎಂದರೆ ಸಾವೇ ಆಗಿತ್ತು. ಇಂದು ಇದನ್ನು ಇತರ ಔಷಧಗಳೊಡನೆ ಬಳಸುವ ಚಿಕಿತ್ಸೆಯಿಂದ ಮುಂದುವರಿದ ದೇಶಗಳಲ್ಲಿ ನೂರಕ್ಕೆ ಸುಮಾರು 90 ಮಕ್ಕಳು ಬದುಕುತ್ತಿದ್ದಾರೆ.

ಇಲಿಗಳನ್ನು ಕೊಂದ ಗುಣವೇ ಮಕ್ಕಳನ್ನು ಉಳಿಸಿತು. ನಡುವೆ ಇದ್ದದ್ದು ಪ್ರಮಾಣವೊಂದೇ. ಟನ್ನುಗಟ್ಟಲೆ ಎಲೆಯಿಂದ ದೊರೆಯುವುದು ಕೆಲವೇ ಗ್ರಾಂ ಔಷಧ. ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಪ್ರಾಣಾಂತಿಕ. ಸರಿಯಾಗಿ ಕೊಟ್ಟಾಗಲೂ ನರಗಳು ಬಳಲುವುದುಂಟು.

ಹಿತ್ತಿಲಿನ ಎಲೆಗೆ ಇಂಥ ಅಳತೆಯಿಲ್ಲ. ಅದರಲ್ಲಿ ನೂರಕ್ಕೂ ಹೆಚ್ಚು ಕ್ಷಾರಸತ್ವಗಳಿವೆ. ಯಾವ ಎಲೆಯಲ್ಲಿ ಯಾವುದು ಎಷ್ಟೆಂದು ನಾಲಗೆ ಹೇಳಲಾರದು. ಗರ್ಭಿಣಿಯರಂತೂ ಇದನ್ನು ಸೇವಿಸಲೇಬಾರದು. ಮಧುಮೇಹದ ಮಾತ್ರೆಯೊಡನೆ ಸೇವಿಸಿದರೆ ಸಕ್ಕರೆ ಅಪಾಯಕರವಾಗಿ ಇಳಿಯಬಹುದು; ಮಾತ್ರೆ ಬಿಟ್ಟು ಇದನ್ನೇ ನಂಬಿದರೆ ಏರಿಯೇ ಇರಬಹುದು.

ನಮ್ಮ ಬಂಧು ಮರುದಿನವೇ ವೈದ್ಯರನ್ನು ಕಂಡು, ಎಲ್ಲವನ್ನೂ ಹೇಳಿಕೊಂಡು ಬಂದರು. ಮಾತ್ರೆ ಮುಂದುವರಿದಿದೆ. ನಿತ್ಯಪುಷ್ಪ ಈಗ ಅವರ ದೇವರ ಪೂಜೆಗೆ ಮಾತ್ರ ಮೀಸಲು.