ಶಂಕರ್ ನಾಗ್

ಶಂಕರ್ ನಾಗ್ (ನವೆಂಬರ್ 9, 1954 – ಸೆಪ್ಟೆಂಬರ್ 30, 1990) ಕನ್ನಡ ಚಲನಚಿತ್ರ ನಟ, ನಿರ್ದೇಶಕ ಹಾಗೂ ರಂಗಕರ್ಮಿ. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನ ಧಾರಾವಾಹಿಯ ನಿರ್ದೇಶಕರಾಗಿ ದೇಶದಾದ್ಯಂತ ಪರಿಚಿತರಾದರು. ಸುಮಾರು 12 ವರ್ಷಗಳ ಚಿತ್ರಜೀವನದಲ್ಲಿ ಜನಪ್ರಿಯ ನಾಯಕನಟರಾಗಿದ್ದುಕೊಂಡೇ ಪ್ರಯೋಗಶೀಲ ಚಿತ್ರಗಳನ್ನು ನಿರ್ದೇಶಿಸಿದ್ದು ಅವರ ವೃತ್ತಿಜೀವನದ ವೈಶಿಷ್ಟ್ಯ.

ಜನನ ಮತ್ತು ರಂಗಭೂಮಿ

ಶಂಕರ್ ನಾಗ್ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲೂಕಿನ ಮಲ್ಲಾಪುರದಲ್ಲಿ ಜನಿಸಿದರು. ನಟ ಅನಂತ್ ನಾಗ್ ಅವರ ಅಣ್ಣ. ಶಾಲಾ ಶಿಕ್ಷಣದ ನಂತರ ಮುಂಬಯಿಗೆ ತೆರಳಿದ ಶಂಕರ್, ಅಲ್ಲಿನ ಮರಾಠಿ ರಂಗಭೂಮಿಯಲ್ಲಿ ತೊಡಗಿಸಿಕೊಂಡರು. ಮುಂದೆ ಅವರ ಪತ್ನಿಯಾದ ಅರುಂಧತಿ ಅವರ ಪರಿಚಯವಾದದ್ದೂ ಅಲ್ಲಿಯೇ. ಮರಾಠಿ ಚಿತ್ರ ‘22 ಜೂನ್ 1897’ರ ಚಿತ್ರಕಥೆ ರಚನೆಯಲ್ಲಿಯೂ ಅವರು ಭಾಗಿಯಾಗಿದ್ದರು. ಬೆಂಗಳೂರಿಗೆ ಬಂದ ಮೇಲೆ ‘ಸಂಕೇತ್’ ತಂಡದ ಮೂಲಕ ‘ಅಂಜುಮಲ್ಲಿಗೆ’, ‘ನೋಡಿ ಸ್ವಾಮಿ ನಾವಿರೋದು ಹೀಗೆ’, ‘ನಾಗಮಂಡಲ’ ಮೊದಲಾದ ನಾಟಕಗಳನ್ನು ರಂಗಕ್ಕೆ ತಂದರು.

ನಟನಾಗಿ

ಗಿರೀಶ್ ಕಾರ್ನಾಡ್ ನಿರ್ದೇಶನದ ‘ಒಂದಾನೊಂದು ಕಾಲದಲ್ಲಿ’ (1978) ಶಂಕರ್ ನಾಗ್ ಅಭಿನಯಿಸಿದ ಮೊದಲ ಕನ್ನಡ ಚಿತ್ರ. ಇದರಲ್ಲಿ ಹಣಕ್ಕಾಗಿ ಹೋರಾಡುವ ಯೋಧ ಗಂಡುಗಲಿಯ ಪಾತ್ರ ವಹಿಸಿದ ಅವರಿಗೆ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ‘ಆಟೋ ರಾಜ’ (1980) ಚಿತ್ರದ ಆಟೋ ಚಾಲಕನ ಪಾತ್ರ ಅವರನ್ನು ಜನಸಾಮಾನ್ಯರಿಗೆ ಹತ್ತಿರವಾಗಿಸಿತು. ಬೆಂಗಳೂರಿನ ಅನೇಕ ಆಟೋಗಳ ಮೇಲೆ ಇಂದಿಗೂ ಅವರ ಚಿತ್ರವನ್ನು ಕಾಣಬಹುದು. ಸಾಹಸಪ್ರಧಾನ ಚಿತ್ರಗಳಿಂದಾಗಿ ಅಭಿಮಾನಿಗಳು ಅವರನ್ನು ‘ಕರಾಟೆ ಕಿಂಗ್’ ಎಂದು ಕರೆದರು. ‘ಸಾಂಗ್ಲಿಯಾನ’ (1988) ಚಿತ್ರದ ಪೊಲೀಸ್ ಅಧಿಕಾರಿಯ ಪಾತ್ರವೂ ಜನಪ್ರಿಯವಾಯಿತು.

ನಿರ್ದೇಶಕನಾಗಿ

‘ಮಿಂಚಿನ ಓಟ’ (1980) ಶಂಕರ್ ನಾಗ್ ನಿರ್ದೇಶಿಸಿದ ಮೊದಲ ಚಿತ್ರ. ಕಾರು ಕಳ್ಳರ ಕಥೆಯುಳ್ಳ ಈ ಚಿತ್ರದಲ್ಲಿ ಅವರೊಂದಿಗೆ ಅನಂತ್ ನಾಗ್ ಮತ್ತು ಲೋಕನಾಥ್ ಅಭಿನಯಿಸಿದ್ದಾರೆ. ಮಾರಕ ಕಾಯಿಲೆಗೆ ತುತ್ತಾದ ಯುವತಿಯ ಕಥೆಯಾದ ‘ಗೀತಾ’ (1981) ಇಳಯರಾಜ ಸಂಗೀತದ ಹಾಡುಗಳಿಂದ ಹೆಸರಾಯಿತು. ಇದಕ್ಕೆ ವ್ಯತಿರಿಕ್ತವಾಗಿ ‘ಆಕ್ಸಿಡೆಂಟ್’ ಹಾಡುಗಳಿಲ್ಲದ ಚಿತ್ರ. ರಾಜಕಾರಣಿಯ ಮಗನ ಕಾರು ಪಾದಚಾರಿ ಮಾರ್ಗದಲ್ಲಿ ಮಲಗಿದ್ದವರ ಮೇಲೆ ಹರಿದ ಬಳಿಕ ಅಧಿಕಾರಬಲದಿಂದ ಪ್ರಕರಣವನ್ನು ಮುಚ್ಚಿಹಾಕುವ ಪ್ರಯತ್ನ ಇದರ ವಸ್ತು. ಸತ್ಯವನ್ನು ಹೊರತರಲು ಹೊರಡುವ ಪತ್ರಕರ್ತನಾಗಿ ಸ್ವತಃ ಶಂಕರ್ ನಾಗ್ ಅಭಿನಯಿಸಿದರು. ಈ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಸಂದಿತು. ಡಾ. ರಾಜ್‌ಕುಮಾರ್ ನಾಯಕರಾಗಿದ್ದ ‘ಒಂದು ಮುತ್ತಿನ ಕಥೆ’ಯನ್ನೂ (1987) ಅವರೇ ನಿರ್ದೇಶಿಸಿದರು.

ದೂರದರ್ಶನ

‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಟಿ. ಎಸ್. ನರಸಿಂಹನ್ ನಿರ್ಮಿಸಿದರು. ನಾರಾಯಣ್ ಅವರ ಕಾಲ್ಪನಿಕ ಊರಿಗೆ ರೂಪ ಕೊಡಲು ಶಂಕರ್ ನಾಗ್ ಶಿವಮೊಗ್ಗ ಜಿಲ್ಲೆಯ ಆಗುಂಬೆಯನ್ನು ಆರಿಸಿಕೊಂಡರು. ಅಲ್ಲಿನ ಮನೆಗಳು ಮತ್ತು ಬೀದಿಗಳು ಕಥೆಯ ಪರಿಸರವಾದವು. ಮಾಸ್ಟರ್ ಮಂಜುನಾಥ್ ‘ಸ್ವಾಮಿ’ಯಾಗಿಯೂ ಗಿರೀಶ್ ಕಾರ್ನಾಡ್ ಆತನ ತಂದೆಯಾಗಿಯೂ ಅಭಿನಯಿಸಿದರು. ಆರ್. ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ಮತ್ತು ಎಲ್. ವೈದ್ಯನಾಥನ್ ಅವರ ಸಂಗೀತ ಧಾರಾವಾಹಿಯ ಗುರುತಾದವು. ಕನ್ನಡದ ಕಲಾವಿದರನ್ನೇ ಹೆಚ್ಚಾಗಿ ಬಳಸಿಕೊಂಡು ನಿರ್ಮಿಸಿದ ಈ ಧಾರಾವಾಹಿ ಹಿಂದಿಯಲ್ಲಿ ಪ್ರಸಾರವಾಗಿ ಭಾರತದ ಎಲ್ಲ ಭಾಗಗಳ ವೀಕ್ಷಕರನ್ನು ತಲುಪಿತು.

ನಿಧನ ಮತ್ತು ಸ್ಮರಣೆ

1990ರ ಸೆಪ್ಟೆಂಬರ್ 30ರಂದು, ‘ಜೋಕುಮಾರಸ್ವಾಮಿ’ ಚಿತ್ರದ ಚಿತ್ರೀಕರಣಕ್ಕೆ ತೆರಳುತ್ತಿದ್ದಾಗ ದಾವಣಗೆರೆ ಸಮೀಪದ ಆನಗೋಡು ಬಳಿ ಸಂಭವಿಸಿದ ಕಾರು ಅಪಘಾತದಲ್ಲಿ ಶಂಕರ್ ನಾಗ್ ನಿಧನರಾದರು. ಆಗ ಅವರಿಗೆ 35 ವರ್ಷ. ಅದೇ ಅಪಘಾತದಲ್ಲಿ ಗಾಯಗೊಂಡ ಅರುಂಧತಿ ನಾಗ್ ಚೇತರಿಸಿಕೊಂಡು ರಂಗಭೂಮಿಗೆ ಮರಳಿದರು. ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಜೆ. ಪಿ. ನಗರದಲ್ಲಿ ನಿರ್ಮಾಣಗೊಂಡು 2004ರಲ್ಲಿ ಆರಂಭವಾದ ರಂಗಮಂದಿರಕ್ಕೆ ಶಂಕರ್ ನಾಗ್ ಸ್ಮರಣಾರ್ಥ ‘ರಂಗಶಂಕರ’ ಎಂದು ಹೆಸರಿಡಲಾಗಿದೆ.