ಕಥೋಲಿಕ ವಿವಾಹವಿಧಿ: ಅದರ ಅಂಗಗಳೂ ಇತಿಹಾಸವೂ

ಕಥೋಲಿಕ ಕ್ರೈಸ್ತರ ವಿವಾಹಕ್ಕೆ ಆಹೂತರಾಗಿ ಇಗರ್ಜಿಗೆ ಹೋದ ಅನ್ಯಮತೀಯರು ಅಲ್ಲಿ ನಡೆಯುವ ಕ್ರಮವನ್ನು ತಮ್ಮ ಮನೆಯ ಮದುವೆಯೊಡನೆ ಹೋಲಿಸಿ ನೋಡುವುದು ಸ್ವಾಭಾವಿಕವಾದುದು. ಬಲಿಪೀಠದ ಮುಂದೆ ಗುರುವು ನಿಂತಿರುತ್ತಾನೆ, ವಧೂವರರು ಅವನ ಸಮ್ಮುಖದಲ್ಲಿರುತ್ತಾರೆ, ಅವನು ಪ್ರಶ್ನಿಸುತ್ತಾನೆ, ಅವರು ಉತ್ತರ ಕೊಡುತ್ತಾರೆ, ಬಲಗೈಗಳು ಸೇರುತ್ತವೆ, ಆಶೀರ್ವಾದಪೂತವಾದ ಉಂಗುರಗಳು ಬೆರಳನ್ನೇರುತ್ತವೆ. ಇಷ್ಟನ್ನು ಕಂಡವರು ಪುರೋಹಿತನು ಮದುವೆಯನ್ನು ಮಾಡಿಸಿದನೆಂದೇ ತಿಳಿದು ಹಿಂದಿರುಗುವರು. ಆದರೆ ರೋಮಿನ ಧರ್ಮಶಾಸ್ತ್ರದ ಅಭಿಪ್ರಾಯವು ಬೇರೆ. ಆ ಶಾಸ್ತ್ರದಂತೆ ವಿವಾಹಸಂಸ್ಕಾರದ ಕರ್ತೃಗಳು ವಧೂವರರೇ ಹೊರತು ಗುರುವಲ್ಲ. ಗುರುವು ಸಭೆಯ ಪರವಾಗಿ ಅವರ ಸಮ್ಮತಿಯನ್ನು ಕೇಳಿ ಸ್ವೀಕರಿಸುವ ಸಾಕ್ಷಿ. ಈ ಸಿದ್ಧಾಂತವು ಒಮ್ಮೆಗೇ ನಿಂತುದಲ್ಲ. ಬಹುಕಾಲದ ವಾದದಿಂದಲೂ, ಅದಕ್ಕಿಂತ ಹೆಚ್ಚಾಗಿ ವಂಚಿತರಾದ ಸ್ತ್ರೀಯರ ದುಃಖದಿಂದಲೂ ರೂಪುಗೊಂಡುದು. ಆ ಚರಿತ್ರೆಯನ್ನು ಅರಿಯದೆ ವಿಧಿಯ ಅಂಗಗಳ ತಾತ್ಪರ್ಯವು ಗೊತ್ತಾಗುವಂತಿಲ್ಲ.

೧. ವಿಧಿಯ ಕ್ರಮ

ಈಗ ಲ್ಯಾಟಿನ್ ಸಂಪ್ರದಾಯದಲ್ಲಿ ರೂಢಿಯಲ್ಲಿರುವ ವಿಧಿಯು ೧೯೬೯ರಲ್ಲಿ ಪರಿಷ್ಕೃತವಾಗಿ ಪ್ರಕಟವಾದುದು. ವಧೂವರರಿಬ್ಬರೂ ಕಥೋಲಿಕರಾಗಿದ್ದರೆ ಸಾಮಾನ್ಯವಾಗಿ ವಿವಾಹವು ಬಲಿಪೂಜೆಯ ನಡುವೆ ಜರಗುತ್ತದೆ. ಮೊದಲು ಧರ್ಮಗ್ರಂಥದ ಪಾರಾಯಣ, ಬಳಿಕ ಗುರುವಿನ ಉಪದೇಶ. ಅದು ಮುಗಿದ ಮೇಲೆ ಗುರುವು ಮೂರು ವಿಷಯಗಳನ್ನು ವಿಚಾರಿಸುತ್ತಾನೆ: ಯಾರ ಬಲಾತ್ಕಾರವೂ ಇಲ್ಲದೆ ಸ್ವೇಚ್ಛೆಯಿಂದ ಬಂದಿರುವರೇ; ಬಾಳಿರುವಷ್ಟು ಕಾಲವೂ ಪರಸ್ಪರ ಪ್ರೀತಿಗೌರವಗಳಿಂದ ನಡೆದುಕೊಳ್ಳುವರೇ; ದೇವರು ಕೊಟ್ಟ ಸಂತಾನವನ್ನು ಸ್ವೀಕರಿಸಿ ಧರ್ಮಮಾರ್ಗದಲ್ಲಿ ಬೆಳೆಸುವರೇ. ವಯಸ್ಸು ಕಳೆದವರ ಮದುವೆಯಲ್ಲಿ ಮೂರನೆಯ ಪ್ರಶ್ನೆಯನ್ನು ಬಿಡುವುದುಂಟು.

ಅನಂತರ ಬಲಗೈಗಳನ್ನು ಹಿಡಿದು, ಸುಖದುಃಖಗಳಲ್ಲಿಯೂ ಆರೋಗ್ಯ ಅನಾರೋಗ್ಯಗಳಲ್ಲಿಯೂ ಬಿಡದಿರುವೆವೆಂದು ಒಬ್ಬರನ್ನೊಬ್ಬರು ವರಿಸುವ ವಾಕ್ಯವನ್ನು ಸ್ಪಷ್ಟವಾಗಿ ಉಚ್ಚರಿಸುತ್ತಾರೆ. ವಿವಾಹದ ಪ್ರಾಣವೆಲ್ಲವೂ ಈ ಒಂದು ಕ್ಷಣದಲ್ಲಿದೆ. ನಮ್ಮ ಸ್ಮೃತಿಕಾರರು ಪಾಣಿಗ್ರಹಣಮಂತ್ರಗಳ ನಿಷ್ಠೆಯು ಏಳನೆಯ ಹೆಜ್ಜೆಯಲ್ಲಿ ಎಂದು ಹೇಗೆ ನಿರ್ಣಯಿಸಿದರೋ ಹಾಗೆಯೇ ರೋಮಿನ ಶಾಸ್ತ್ರಜ್ಞರು ಈ ಸಮ್ಮತಿವಾಕ್ಯದಲ್ಲಿ ವಿವಾಹವು ಸಿದ್ಧವಾಯಿತೆಂದು ನಿರ್ಣಯಿಸಿದ್ದಾರೆ. ಮುಂದೆ ಬರುವ ಉಂಗುರಧಾರಣೆ, ಕರ್ತನ ಪ್ರಾರ್ಥನೆಯ ತರುವಾಯ ನಡೆಯುವ ದಂಪತಿಗಳ ಆಶೀರ್ವಾದ, ದಾಖಲೆಯ ಪುಸ್ತಕದಲ್ಲಿ ರುಜು, ಇವೆಲ್ಲವೂ ಅದರ ಉಪಾಂಗಗಳು. ಪರಮಪ್ರಸಾದವನ್ನು ಹಂಚುವಾಗ ಅನ್ಯಮತೀಯ ಅತಿಥಿಗಳು ತಮ್ಮ ಸ್ಥಳದಲ್ಲಿಯೇ ಕುಳಿತಿರುವುದು ಮರ್ಯಾದೆ. ಅದರಿಂದ ಯಾರಿಗೂ ಅಗೌರವವಾಗುವುದಿಲ್ಲ.

ತಂದೆಯು ಮಗಳನ್ನು ಧಾರೆಯೆರೆದು ಕೊಡುವ ಅಂಗವು ರೋಮಿನ ವಿಧಿಯಲ್ಲಿ ಇಲ್ಲವೆಂಬುದು ಗಮನಿಸತಕ್ಕ ವಿಷಯ. ವಧುವು ಅಲ್ಲಿ ದೇಯದ್ರವ್ಯವಲ್ಲ. ವರನಂತೆಯೇ ತಾನೂ ಕರ್ತ್ರಿ.

೨. ರೋಮಿನ ಮೂಲ

ಕ್ರೈಸ್ತಧರ್ಮವು ಹಬ್ಬಿದ ಮೊದಲ ಶತಮಾನಗಳಲ್ಲಿ ಅದಕ್ಕೆ ತನ್ನದೇ ಆದ ವಿವಾಹಪ್ರಯೋಗವಿರಲಿಲ್ಲ. ಕ್ರೈಸ್ತರು ತಮ್ಮ ದೇಶದ ಆಚಾರದಂತೆಯೇ ಮದುವೆಯಾಗುತ್ತಿದ್ದರು. ರೋಮನರ ಮದುವೆಯಲ್ಲಿ ಉಂಗುರವಿತ್ತು, ಕ್ರಿ. ಶ. ಒಂದನೆಯ ಶತಮಾನದ ಪ್ಲಿನಿಯು ತನ್ನ ಕಾಲದಲ್ಲಿ ನಿಶ್ಚಿತವಧುವಿಗೆ ರತ್ನವಿಲ್ಲದ ಕಬ್ಬಿಣದ ಉಂಗುರವನ್ನು ಕಳುಹಿಸುತ್ತಿದ್ದರೆಂದು ಬರೆದಿದ್ದಾನೆ. ಕಿರುಬೆರಳಿನ ಪಕ್ಕದ ಬೆರಳಿನಿಂದ ಹೃದಯಕ್ಕೆ ಒಂದು ಸೂಕ್ಷ್ಮ ನಾಡಿಯಿದೆಯೆಂಬ ಈಜಿಪ್ತಿನವರ ನಂಬಿಕೆಯನ್ನು ಎರಡನೆಯ ಶತಮಾನದ ಗೆಲ್ಲಿಯಸನು ಉಲ್ಲೇಖಿಸಿದ್ದಾನೆ. ವಧುವಿಗೆ ಅಗ್ನಿವರ್ಣದ ಅವಕುಂಠನವಿತ್ತು. ದಂಪತಿಗಳು ಬಲಗೈ ಹಿಡಿದಿರುವ ಶಿಲ್ಪಗಳು ರೋಮನರ ಶವಪೇಟಿಕೆಗಳ ಮೇಲೆ ಇಂದಿಗೂ ಕಾಣುತ್ತವೆ. ಪಾಣಿಗ್ರಹಣವು ವೈದಿಕರಲ್ಲಿಯೂ ಪ್ರಧಾನಾಂಗವಾಗಿರುವುದರಿಂದ ಎರಡಕ್ಕೂ ಏಕಮೂಲವನ್ನು ಊಹಿಸಲು ಮನಸ್ಸಾಗಬಹುದು; ಆದರೆ ಕೈ ಹಿಡಿದು ಮಾತು ಕೊಡುವುದು ಮನುಷ್ಯಸಾಧಾರಣವಾದ ವ್ಯವಹಾರವಾದುದರಿಂದ ಸಾದೃಶ್ಯಮಾತ್ರದಿಂದ ಹಾಗೆ ನಿರ್ಣಯಿಸಲಾಗದು.

ಆಚಾರಕ್ಕಿಂತ ಮುಖ್ಯವಾಗಿ ಕ್ರೈಸ್ತಸಭೆಯು ರೋಮನರಿಂದ ಪಡೆದುದು ಒಂದು ನ್ಯಾಯತತ್ತ್ವವನ್ನು. ಮೂರನೆಯ ಶತಮಾನದ ಉಲ್ಪಿಯನ್ ಎಂಬ ನ್ಯಾಯಶಾಸ್ತ್ರಜ್ಞನು, ವಿವಾಹವನ್ನುಂಟುಮಾಡುವುದು ಶರೀರಸಂಬಂಧವಲ್ಲ, ಸಮ್ಮತಿಯೇ ಎಂದು ಸ್ಥಾಪಿಸಿದ್ದನು. ೮೬೬ರಲ್ಲಿ ಬಲ್ಗೇರಿಯದ ದೊರೆ ಬೋರಿಸನು ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆಯುತ್ತ ಒಂದನೆಯ ನಿಕೋಲಸ್ ಪೋಪನು ರೋಮಿನ ಮದುವೆಯ ಕ್ರಮವನ್ನು ವಿವರಿಸಿದ್ದಾನೆ: ನಿಶ್ಚಯ, ಉಂಗುರ, ಸಾಕ್ಷಿಗಳ ಮುಂದೆ ಸ್ತ್ರೀಧನಪತ್ರ, ಇಗರ್ಜಿಯಲ್ಲಿ ಕಾಣಿಕೆ, ಆಶೀರ್ವಾದ, ಅವಕುಂಠನ, ಕಿರೀಟ. ಇಷ್ಟನ್ನೆಲ್ಲ ಎಣಿಸಿದ ಬಳಿಕ, ಇವುಗಳಲ್ಲಿ ಯಾವುದು ಬಿಟ್ಟುಹೋದರೂ ಪಾಪವಿಲ್ಲ, ಬಡವರಿಗೆ ಇಷ್ಟೆಲ್ಲ ಸಾಧ್ಯವೂ ಅಲ್ಲ. ಸಮ್ಮತಿಯೊಂದಿದ್ದರೆ ಸಾಕು, ಅದಿಲ್ಲದಿದ್ದರೆ ಉಳಿದುದೆಲ್ಲವೂ ವ್ಯರ್ಥ ಎಂಬುದು ಅವನ ತೀರ್ಮಾನ. ಆಡಂಬರವಿಲ್ಲದ ಬಡವನ ಮದುವೆಗೂ ಪೂರ್ಣಸಿಂಧುತ್ವವನ್ನು ಕೊಟ್ಟ ಈ ಉತ್ತರವು ಉದಾರವಾದುದೇ ಸರಿ. ಮುಂದಿನ ಅನರ್ಥಕ್ಕೆ ಬೀಜವಾದುದೂ ಇದೇ ಉದಾರತೆ.

೩. ಶಾಸ್ತ್ರಕಾರರ ವಾದ

ಹನ್ನೆರಡನೆಯ ಶತಮಾನದಲ್ಲಿ ವಿವಾಹವು ಯಾವಾಗ ಪೂರ್ಣವಾಗುತ್ತದೆ ಎಂಬ ವಿಷಯದಲ್ಲಿ ಎರಡು ಪಕ್ಷಗಳು ಏರ್ಪಟ್ಟವು. ಸುಮಾರು ೧೧೪೦ರಲ್ಲಿ ಧರ್ಮಸೂತ್ರಗಳನ್ನು ಸಂಗ್ರಹಿಸಿದ ಬೊಲೋನ್ಯದ ಗ್ರೇಷಿಯನನು, ಸಮ್ಮತಿಯಿಂದ ವಿವಾಹವು ಆರಂಭವಾಗಿ ಸಹವಾಸದಿಂದ ಪೂರ್ಣವಾಗುತ್ತದೆ ಎಂದನು. ಪ್ಯಾರಿಸಿನ ಪೀಟರ್ ಲೊಂಬಾರ್ಡನು, ವರ್ತಮಾನಕಾಲದಲ್ಲಿ ಉಚ್ಚರಿಸಿದ ಸಮ್ಮತಿವಾಕ್ಯವೇ ವಿವಾಹವೆಂದನು. ಇಲ್ಲಿ ವ್ಯಾಕರಣವೇ ನ್ಯಾಯವಾಯಿತು. “ಸ್ವೀಕರಿಸಿದ್ದೇನೆ, ಸ್ವೀಕರಿಸುತ್ತಿದ್ದೇನೆ” ಎಂಬ ಅರ್ಥದ ಮಾತು ವಿವಾಹ; “ಮುಂದೆ ಸ್ವೀಕರಿಸುವೆನು” ಎಂಬುದು ಕೇವಲ ನಿಶ್ಚಯ. ಲಟ್ ಲೃಟ್ ಲಕಾರಗಳ ಭೇದದಿಂದ ಒಬ್ಬಳು ಪತ್ನಿಯಾಗುವಳು, ಅಥವಾ ಆಗದೆ ಉಳಿಯುವಳು. ೧೧೫೯ರಿಂದ ೧೧೮೧ರವರೆಗೆ ಪೀಠದಲ್ಲಿದ್ದ ಮೂರನೆಯ ಅಲೆಗ್ಸಾಂಡರ್ ಪೋಪನು ಬಹುಮಟ್ಟಿಗೆ ಲೊಂಬಾರ್ಡನ ಪಕ್ಷವನ್ನು ಹಿಡಿದು, ಭವಿಷ್ಯದ್ವಾಕ್ಯವಾದರೂ ತರುವಾಯ ಸಹವಾಸವು ನಡೆದಿದ್ದರೆ ಅದೂ ವಿವಾಹವೇ ಎಂದು ಸೇರಿಸಿದನು.

೧೨೧೫ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ಎರಡು ಮುಖ್ಯ ನಿಯಮಗಳನ್ನು ಮಾಡಿತು. ಅದುವರೆಗೆ ಏಳನೆಯ ತಲೆಯವರೆಗೂ ಇದ್ದ ಬಾಂಧವ್ಯನಿಷೇಧವನ್ನು ನಾಲ್ಕಕ್ಕೆ ಇಳಿಸಿತು. ತಂದೆಯ ಕಡೆ ಏಳು, ತಾಯಿಯ ಕಡೆ ಐದು ತಲೆಗಳಿಗೆ ಸಾಪಿಂಡ್ಯವು ನಿವೃತ್ತವಾಗುವುದೆಂಬ ಯಾಜ್ಞವಲ್ಕ್ಯಮತವನ್ನು ಬಲ್ಲವರಿಗೆ ಇದು ಕುತೂಹಲಕರವಾಗಿರುವುದು. ಎರಡನೆಯದಾಗಿ, ಮದುವೆಗೆ ಮೊದಲು ಅದನ್ನು ಇಗರ್ಜಿಯಲ್ಲಿ ಬಹಿರಂಗವಾಗಿ ಸಾರಬೇಕು, ಆಕ್ಷೇಪಣೆಯಿದ್ದವರು ಹೇಳಲು ಅವಧಿಯನ್ನು ಕೊಡಬೇಕು ಎಂದು ವಿಧಿಸಿತು. ಆದರೆ ಹೀಗೆ ಸಾರದೆ ಗುಟ್ಟಾಗಿ ಮಾಡಿಕೊಂಡ ಮದುವೆಯು ಪಾಪವೆನಿಸಿತೇ ಹೊರತು ಅಸಿಂಧುವಾಗಲಿಲ್ಲ.

ಇದರ ಫಲವು ಶೋಚನೀಯವಾಯಿತು. ಒಬ್ಬ ಪುರುಷನು ತೋಟದಲ್ಲಿಯೋ ಮನೆಯ ಹಿತ್ತಲಲ್ಲಿಯೋ ಒಬ್ಬಳಿಗೆ ಮಾತು ಕೊಟ್ಟು ವರಿಸುವನು. ಕೆಲವು ಕಾಲದ ಮೇಲೆ ಅದನ್ನು ಅಲ್ಲಗಳೆದು ಇಗರ್ಜಿಯಲ್ಲಿ ಎಲ್ಲರೆದುರಿಗೆ ಮತ್ತೊಬ್ಬಳ ಕೈ ಹಿಡಿಯುವನು. ಶಾಸ್ತ್ರದ ದೃಷ್ಟಿಯಲ್ಲಿ ಮೊದಲಿನವಳೇ ಪತ್ನಿ. ಆದರೆ ನ್ಯಾಯಸ್ಥಾನದಲ್ಲಿ ಅವಳಿಗೆ ಸಾಕ್ಷಿಯಿಲ್ಲ. ಎರಡನೆಯವಳು ತನಗೆ ತಿಳಿಯದೆಯೇ ಪರಪುರುಷನೊಡನೆ ಬಾಳುತ್ತಿರುವಳು. ಸತ್ಯವು ಒಂದು ಕಡೆ, ತೀರ್ಪು ಒಂದು ಕಡೆ. ಗಾಂಧರ್ವವಿವಾಹವನ್ನು ಅಂಗೀಕರಿಸಿದ ನಮ್ಮ ಪೂರ್ವಿಕರಿಗೂ ಈ ಸಂಕಟವು ಅಪರಿಚಿತವಲ್ಲ. ಕಾಳಿದಾಸನ ಶಕುಂತಲೆಯು ರಾಜಸಭೆಯಲ್ಲಿ ನಿಂತುದು ಇದೇ ಸ್ಥಿತಿಯಲ್ಲಿ. ಅವಳಿಗಿದ್ದ ಸಾಕ್ಷಿಯು ಒಂದು ಉಂಗುರ. ಅದೂ ನೀರಿನಲ್ಲಿ ಜಾರಿಹೋಗಿತ್ತು. ನಾಟಕದಲ್ಲಿ ಬೆಸ್ತನು ಅದನ್ನು ತಂದುಕೊಟ್ಟನು. ಲೋಕದಲ್ಲಿ ಹಾಗೆ ತಂದುಕೊಡುವವರು ಅಪೂರ್ವ.

೪. ಟ್ರೆಂಟಿನ ನಿರ್ಣಯ

ಈ ಕೇಡನ್ನು ತಡೆಯುವುದಕ್ಕಾಗಿ ಟ್ರೆಂಟ್ ಮಹಾಸಭೆಯು ೧೫೬೩ನೆಯ ನವೆಂಬರ್ ೧೧ರಂದು “ತಾಮೆತ್ಸಿ” ಎಂಬ ಪದದಿಂದ ಆರಂಭವಾಗುವ ಶಾಸನವನ್ನು ಹೊರಡಿಸಿತು. ಮೇಲೆ ಹೇಳಿದ ವಂಚನೆಯನ್ನು ಆ ಶಾಸನವೇ ತನಗೆ ಕಾರಣವಾಗಿ ಹೇಳಿಕೊಂಡಿದೆ. ಅಲ್ಲಿ ನಡೆದ ವಾದವು ಕಠಿನವಾದುದು. ಸಮ್ಮತಿಯೇ ವಿವಾಹವಾದರೆ, ನಿಜವಾದ ಸಮ್ಮತಿಯನ್ನು ಅಸಿಂಧುಗೊಳಿಸಲು ಸಭೆಗೆ ಅಧಿಕಾರವೆಲ್ಲಿಯದು ಎಂಬುದು ಪೂರ್ವಪಕ್ಷ. ಸಮ್ಮತಿಯು ವಿವಾಹದ ಸ್ವರೂಪವೇ ಹೌದು. ಆದರೆ ಅದನ್ನು ಕೊಡುವ ಯೋಗ್ಯತೆಯು ಯಾರಿಗೆ ಯಾವ ಸಂದರ್ಭದಲ್ಲಿ ಉಂಟೆಂದು ವಿಧಿಸಲು ಸಭೆಯು ಸಮರ್ಥವೆಂಬುದು ಸಿದ್ಧಾಂತ. ಅದರಂತೆ, ಆ ಊರಿನ ಗುರುವೂ ಇಬ್ಬರು ಮೂವರು ಸಾಕ್ಷಿಗಳೂ ಇಲ್ಲದೆ ಮಾಡಿಕೊಂಡ ವಿವಾಹವು ವಿವಾಹವೇ ಅಲ್ಲವೆಂದು ತೀರ್ಮಾನವಾಯಿತು. ದಾಖಲೆಯ ಪುಸ್ತಕವನ್ನಿಡಬೇಕೆಂದೂ ವಿಧಿಸಲಾಯಿತು. ತಂದೆತಾಯಿಗಳ ಒಪ್ಪಿಗೆಯಿಲ್ಲದ ಮದುವೆಯನ್ನೂ ಅಸಿಂಧುವೆನ್ನಬೇಕೆಂದು ಫ್ರಾನ್ಸಿನ ಕಡೆಯವರು ಕೇಳಿದುದನ್ನು ಮಾತ್ರ ಸಭೆಯು ಒಪ್ಪಲಿಲ್ಲ.

ಗುರುವು ಸಾಕ್ಷಿಯೇ ಎಂಬುದಕ್ಕೆ ಪ್ರಮಾಣವು ಇಂದಿನ ಶಾಸ್ತ್ರದಲ್ಲಿಯೂ ಇದೆ. ಮರಣವು ಸಮೀಪಿಸಿರುವಾಗ, ಅಥವಾ ಒಂದು ತಿಂಗಳವರೆಗೂ ಅಧಿಕೃತ ಗುರುವು ದೊರೆಯುವ ಸಂಭವವಿಲ್ಲದಾಗ, ಇಬ್ಬರು ಸಾಕ್ಷಿಗಳ ಮುಂದೆ ಮಾತ್ರ ಮಾಡಿಕೊಂಡ ಮದುವೆಯೂ ಸಿಂಧುವೆಂದು ೧೯೧೭ರ ಧರ್ಮಸಂಹಿತೆಯೂ ೧೯೮೩ರ ಸಂಹಿತೆಯೂ ಹೇಳುತ್ತವೆ. ಪೌರಸ್ತ್ಯಸಭೆಗಳ ಮತವು ಇದಕ್ಕಿಂತ ಭಿನ್ನ; ಅವರಲ್ಲಿ ಗುರುವಿನ ಆಶೀರ್ವಾದವೂ ಆವಶ್ಯಕಾಂಗವೆಂದು ೧೯೯೦ರ ಪೌರಸ್ತ್ಯಸಂಹಿತೆಯು ವಿಧಿಸಿದೆ. ಕೇರಳದ ಸಿರಿಯನ್ ಕಥೋಲಿಕರು ಈ ವರ್ಗಕ್ಕೆ ಸೇರಿದವರು.

ಟ್ರೆಂಟಿನ ಬಳಿಕ ೧೬೧೪ರಲ್ಲಿ ಐದನೆಯ ಪಾಲ್ ಪೋಪನ ಕಾಲದಲ್ಲಿ ಪ್ರಕಟವಾದ ರೋಮಿನ ಪ್ರಯೋಗಗ್ರಂಥದಲ್ಲಿ ವಿವಾಹವಿಧಿಯು ಬಹಳ ಸಂಕ್ಷಿಪ್ತವಾಗಿದೆ. ಅದರಲ್ಲಿ ಉಂಗುರವು ವಧುವಿಗೆ ಮಾತ್ರ. ವಿಶೇಷಾಶೀರ್ವಾದವೂ ಮುಖ್ಯವಾಗಿ ಅವಳನ್ನೇ ಉದ್ದೇಶಿಸಿದುದು. ನಮ್ಮಲ್ಲಿ ಆಷಾಢವನ್ನು ಬಿಡುವಂತೆ, ತಪಸ್ಸುಕಾಲದಲ್ಲಿಯೂ ಕ್ರಿಸ್ತಜಯಂತಿಯ ಪೂರ್ವದ ವಾರಗಳಲ್ಲಿಯೂ ಆ ಆಶೀರ್ವಾದವನ್ನು ಕೊಡುತ್ತಿರಲಿಲ್ಲ. ೧೯೬೯ರ ಪರಿಷ್ಕರಣದಿಂದ ಉಂಗುರವೂ ಆಶೀರ್ವಾದವೂ ಇಬ್ಬರಿಗೂ ಸಮಾನವಾದುವು.

೫. ಭಾರತದಲ್ಲಿ

ಆಯಾ ದೇಶದ ಶ್ಲಾಘ್ಯವಾದ ವಿವಾಹಾಚಾರಗಳನ್ನು ಉಳಿಸಿಕೊಳ್ಳಬೇಕೆಂದು ಟ್ರೆಂಟ್ ಸಭೆಯೇ ಹೇಳಿತ್ತು. ಯಾವುದು ದೇಶಾಚಾರ, ಯಾವುದು ಮತಾಚಾರ ಎಂಬ ವಿವೇಚನೆಯಲ್ಲಿಯೇ ಭಾರತದಲ್ಲಿ ಕಲಹವು ಹುಟ್ಟಿತು. ೧೭೦೪ರಲ್ಲಿ ಪುದುಚೇರಿಯಿಂದ ಪೋಪನ ಪ್ರತಿನಿಧಿ ದ ತುರ್ನೋನ್ ಎಂಬುವನು ಮಧುರೆ, ಮೈಸೂರು, ಕರ್ನಾಟಿಕ್ ಎಂಬ ಮೂರು ಪ್ರಾಂತಗಳ ಧರ್ಮಪ್ರಚಾರಕರಿಗೆ ಕಳುಹಿಸಿದ ಶಾಸನದಲ್ಲಿ ಪಿಳ್ಳೈಯಾರ್ ಮೂರ್ತಿಯುಳ್ಳ ತಾಳಿಯನ್ನು ನಿಷೇಧಿಸಿದನು. ೧೭೪೪ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪನು ಆ ವಿವಾದವನ್ನು ಮುಗಿಸಿದನು. ಹೋದುದು ವಿಘ್ನೇಶ್ವರನ ಮುದ್ರೆ. ತಾಳಿಯು ಶಿಲುಬೆಯನ್ನು ಧರಿಸಿ ಉಳಿದುಕೊಂಡಿತು. ಸಿರಿಯನ್ ಕ್ರೈಸ್ತರ “ಮಿನ್ನು” ಎಂಬ ಶಿಲುಬೆಯ ಗುರುತುಳ್ಳ ತಾಳಿಯನ್ನು ವರನು ಕೊಡುವ ಮಂತ್ರಕೋಡಿವಸ್ತ್ರದಿಂದ ತೆಗೆದ ನೂಲಿನಲ್ಲಿ ಕಟ್ಟುವ ವಾಡಿಕೆಯು ಇಂದಿಗೂ ಇದೆ.

ಗೋವೆಯಲ್ಲಿ ನಿರ್ಬಂಧವು ಇನ್ನೂ ಕಠೋರವಾಯಿತು. ೧೫೬೦ರಲ್ಲಿ ಸ್ಥಾಪಿತವಾಗಿ ೧೮೧೨ರಲ್ಲಿ ನಿಂತುಹೋದ ಅಲ್ಲಿನ ಧರ್ಮವಿಚಾರಣಾಸ್ಥಾನವು ೧೭೩೬ರಲ್ಲಿ ಹೊರಡಿಸಿದ ಆಜ್ಞೆಯಿಂದ ಮದುವೆಯ ಮನೆಯ ವೀಳ್ಯ, ಅರಿಸಿನ, ತೆಂಗಿನ ಹಾಲಿನ ಅಭ್ಯಂಗ, ದೇಶೀಯ ಹಾಡುಗಳು ಮುಂತಾದುವನ್ನು ನಿಷೇಧಿಸಿತು. ಆದರೆ ಗೋವೆಯಿಂದ ದಕ್ಷಿಣಕ್ಕೆ ಬಂದು ಕನ್ನಡ ಜಿಲ್ಲೆಯಲ್ಲಿ ನೆಲೆಸಿದ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಈ ಆಚಾರಗಳು ಅಳಿಯಲಿಲ್ಲ. ಮಂಗಳೂರಿನ ಕಡೆ ಮದುವೆಯ ಹಿಂದಿನ ದಿನ ವಧೂವರರಿಗೆ ಅವರವರ ಮನೆಯಲ್ಲಿ ತೆಂಗಿನ ಹಾಲನ್ನೂ ಎಣ್ಣೆಯನ್ನೂ ಹಚ್ಚುವ “ರೋಸ್” ಎಂಬ ಶಾಸ್ತ್ರವಿದೆ, ವರನ ಕಡೆಯವರು ಕೊಡುವ “ಸಾಡೊ” ಎಂಬ ಕೆಂಪು ಸೀರೆಯಿದೆ, ಕರಿಮಣಿಯ ಸರವಿದೆ. ಎಲ್ಲಕ್ಕಿಂತ ವಿಚಾರಾರ್ಹವಾದುದು, ಇಗರ್ಜಿಯ ವಿಧಿಯೂ ಔತಣವೂ ಮುಗಿದ ಮೇಲೆ ವಧುವಿನ ಹಿರಿಯರು ಅವಳನ್ನು ವರನ ಕಡೆಯವರಿಗೆ ಒಪ್ಪಿಸಿಕೊಡುವ ಪದ್ಧತಿ. ರೋಮಿನ ವಿಧಿಯಲ್ಲಿ ಸ್ಥಾನವಿಲ್ಲದ ಕನ್ಯಾಸಮರ್ಪಣವು ಇಗರ್ಜಿಯ ಹೊರಗೆ ತನ್ನ ಸ್ಥಾನವನ್ನು ಕಂಡುಕೊಂಡಿದೆ. ಶಾಸ್ತ್ರದಂತೆ ಅವಳು ಬೆಳಿಗ್ಗೆಯೇ ತನ್ನನ್ನು ತಾನೇ ಕೊಟ್ಟುಕೊಂಡಿದ್ದಾಳೆ. ಆದರೂ ಸಂಜೆ ತಂದೆತಾಯಿಗಳು ಕಣ್ಣೀರಿನೊಡನೆ ಮತ್ತೊಮ್ಮೆ ಕೊಡುತ್ತಾರೆ. ಒಂದು ವಿಧಿ, ಮತ್ತೊಂದು ವಾತ್ಸಲ್ಯ. ಇವುಗಳಲ್ಲಿ ವಿರೋಧವನ್ನು ಕಾಣಬೇಕಾದುದಿಲ್ಲ.

೬. ಉಪಸಂಹಾರ

ಮೇಲಿನ ವಿಚಾರದಿಂದ ಸಿದ್ಧವಾಗುವುದೇನೆಂದರೆ: ಉಂಗುರ, ಅವಕುಂಠನ, ಕರಗ್ರಹಣಗಳು ರೋಮನರ ಲೌಕಿಕಾಚಾರದಿಂದ ಬಂದುವು, ತಾಳಿ, ರೋಸ್, ಒಪ್ಪಿಸುವಿಕೆಗಳು ಭಾರತದ ಮನೆಗಳಿಂದ ಸೇರಿದುವು, ಸಭೆಯು ತನ್ನದಾಗಿ ಆಗ್ರಹದಿಂದ ಕಾಪಾಡಿದುದು ಸ್ವತಂತ್ರಸಮ್ಮತಿಯನ್ನು. ಸಮ್ಮತಿಯೊಂದೇ ಸಾಕೆಂದಾಗ ದುರ್ಬಲರು ಮೋಸಹೋದರು. ಅದಕ್ಕಾಗಿಯೇ ಸಮ್ಮತಿಯೊಡನೆ ಸಾಕ್ಷಿಯನ್ನು ಜೋಡಿಸಲಾಯಿತು. ಆದಕಾರಣ ಇಂತಹ ಮದುವೆಗೆ ಹೋದ ಅತಿಥಿಗಳು ವಾದ್ಯವನ್ನೂ ಪುಷ್ಪಾಲಂಕಾರವನ್ನೂ ನೋಡುವುದರ ಜೊತೆಗೆ, ವಧುವೂ ವರನೂ ಮೆಲುದನಿಯಲ್ಲಿ ಹೇಳುವ ಆ ಎರಡು ವಾಕ್ಯಗಳನ್ನು ಕಿವಿಗೊಟ್ಟು ಕೇಳುವುದು ಯುಕ್ತ. ಶಾಸ್ತ್ರಕ್ಕೆ ಬೇಕಾದ ಸಾಕ್ಷಿಗಳು ಇಬ್ಬರೇ ಆದರೂ, ಕೊಟ್ಟ ಮಾತನ್ನು ನಾಳೆ ಯಾರೂ ಅಲ್ಲಗಳೆಯದಂತೆ ಕಾಯುವುದು ನೆರೆದ ಜನವೆಲ್ಲರ ಕಿವಿ.